ಬೊಂಬೆ ಪಾರ್ಕಿನ ಕೆರೆ

ದಸರಾ ಬೊಂಬೆ ಕೂರಿಸಿ, ಅದರ ಮುಂದೆ ಪಾರ್ಕು ಮಾಡಲೆಂದು ಮೊಮ್ಮಗಳು ಗಾಂಧಿ ಬಜಾರಿನಿಂದ ಪ್ಲಾಸ್ಟಿಕ್ಕಿನ ಕೆರೆ ತಂದಿದ್ದಾಳೆ. ಪ್ಲಾಸ್ಟಿಕ್ ಕೆರೆ! ನನಗೆ ಮೈ ಉರಿಯಿತು. ಬೈಯೋಣವೆಂದರೆ, ಅಷ್ಟರಲ್ಲಿ ಅವಳು ಪಾರ್ಕಿನ ಹುಲ್ಲಿಗೆಂದು ಮೊಳೆಸಿದ್ದ ರಾಗಿಗೆ ನೀರು ಚಿಮುಕಿಸಿದಳು. ಆ ಹಸಿ ವಾಸನೆಗೆ ನಾನು ಚಾಮರಾಜಪೇಟೆಯ ನಮ್ಮ ಹಳೇ ನಡುಮನೆಗೆ ಹೋಗಿಬಿಟ್ಟೆ.

ಅಲ್ಲಿ ಟ್ರಂಕುಗಳನ್ನು ಜೋಡಿಸಿ, ಮೇಲೆ ಅಪ್ಪನ ಬಿಳಿ ಪಂಚೆ ಹಾಸಿದರೆ ಬೊಂಬೆಗಳಿಗೆ ಮೆಟ್ಟಿಲು ಸಿದ್ಧ. ಪಾರ್ಕು ಮಾತ್ರ ಅಪ್ಪನ ತಂಗಿ ಪದ್ಮತ್ತೆಯದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅತ್ತೆ ಕುಂಕುಮ ಇಡುವಂತಿರಲಿಲ್ಲ, ಕನ್ನಡಿ ನೋಡುವಂತಿರಲಿಲ್ಲ. ಅವರ ಮದುವೆಯ ಕನ್ನಡಿಯೇ ನಮ್ಮ ಪಾರ್ಕಿನ ಕೆರೆ. ಅದರ ಸುತ್ತ ಮರಳು ಸುರಿದು, ಮೇಲೆ ಪಿಂಗಾಣಿ ಬಾತುಕೋಳಿ ಇಡಲು ಬಗ್ಗಿದರೆ ಅತ್ತೆ ಬೇಗ ಏಳುತ್ತಿರಲಿಲ್ಲ.

“ಒಂದು ಬಾತುಕೋಳಿ ಇಡಕ್ಕೆ ಎಷ್ಟೊತ್ತೇ, ಪದ್ದೂ?” ಅಡುಗೆಮನೆಯಿಂದ ಅಜ್ಜಿ ಗದರುತ್ತಿದ್ದರು.

“ಕೆರೆ ಇನ್ನೂ ಆಗಿಲ್ಲ, ಇರ್ಲಿ ಬಿಡಿ,” ಎನ್ನುತ್ತಾ ಅಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

ನಾನೂ ಪಕ್ಕದಲ್ಲಿ ಇಣುಕಿದರೆ ಅತ್ತೆ ಪಿಸುಗುಡುತ್ತಿದ್ದರು: “ನೋಡೇ, ನಿಂಗೆ ಥೇಟ್ ನನ್ನ ಮುಖಾನೇ ಬಂದಿದೆ.”

ಇವತ್ತು ಪ್ಲಾಸ್ಟಿಕ್ ಕೆರೆಯನ್ನು ಎತ್ತಿಟ್ಟು, ಬೀರುವಿನೊಳಗಿದ್ದ ಅತ್ತೆಯ ಕನ್ನಡಿಯನ್ನು ಒರೆಸಿ ತಂದು ಮಲಗಿಸಿದೆ. ಬಾತುಕೋಳಿ ಇಡಲು ಬಗ್ಗಿದೆ.

ಕೆರೆಯಲ್ಲಿ ಪದ್ಮತ್ತೆ ಇದ್ದರು. ತಲೆ ಬೆಳ್ಳಗಾಗಿತ್ತು. ಹಣೆಯಲ್ಲಿ ಕುಂಕುಮವಿತ್ತು.