ಮೌಂಟಿನಡಿಯ ಎಂಟು ಕಾಲು

ಪೇಪರಿಗೆ ಕಲಾವಿಮರ್ಶೆ ಬರೆಯುತ್ತಿದ್ದ ಒಬ್ಬರು ನಂಜನಗೂಡಿನಲ್ಲಿ ಫೋಟೋಗೆ ಕಟ್ಟು ಹಾಕುವ ನನ್ನ ಅಂಗಡಿಗೆ ವಾರಕ್ಕೊಮ್ಮೆ ಬರುತ್ತಿದ್ದರು. ಚಿತ್ರ ನೋಡುತ್ತಾ ಹಿಂದೆ ಸರಿದು ರಸ್ತೆಗೇ ಇಳಿಯುತ್ತಿದ್ದರು. ಆಟೋದವರು ಹಾರನ್ ಹೊಡೆದರೆ ಕೈಯೆತ್ತಿ, "ಸ್ವಲ್ಪ ತಡೀರಿ" ಅನ್ನುತ್ತಿದ್ದರು. ಗಿರಾಕಿ ಜೊತೆ ಚೌಕಾಸಿಗಿಳಿದ ನನಗೂ ಅದೇ ಮಾತು. ಅವರಿಲ್ಲದ ಈಗಲೂ ಹಾರನ್ ಕೇಳಿದರೆ ಸುಮ್ಮನೆ ಬಾಗಿಲ ಕಡೆ ನೋಡುತ್ತೇನೆ.

ಒಮ್ಮೆ ಹೆಮ್ಮಿಗೆಯ ಡ್ರಾಯಿಂಗ್ ಮೇಷ್ಟ್ರೊಬ್ಬರ ಮೊದಲ ಪ್ರದರ್ಶನ ನಡೆಯಿತು. ಅವರ ಜೋಡಿ ಎಮ್ಮೆಗಳ ಚಿತ್ರ ನೋಡಿ, ಕಾಲು ಬರೆಯಲು ಬಾರದೆ ಕೈಬಿಟ್ಟಿದ್ದಾರೆ ಎಂದು ನಮ್ಮ ವಿಮರ್ಶಕರು ಪೇಪರಿನಲ್ಲಿ ಬರೆದರು. ಮೇಷ್ಟ್ರು ಚಿತ್ರ ಹೊತ್ತು ಅಂಗಡಿಗೇ ಬಂದರು. ವಿಮರ್ಶಕರೂ ಅಲ್ಲೇ ಕೂತಿದ್ದರು.

"ಇನ್ಮೇಲೆ ಬ್ರಶ್ ಮುಟ್ಟಲ್ಲ ಕಣ್ರೀ. ಇದನ್ನ ಬಿಚ್ಚಿಕೊಡಿ."

ಬಿಚ್ಚಿದರೆ, ಚಿತ್ರದ ಸುತ್ತ ಅಂಚಿಗೆ ಕೂರಿಸುವ ಮೌಂಟಿನ ರಟ್ಟಿನಡಿ ಎಂಟೂ ಕಾಲು ಹೊಳೆ ನೀರಲ್ಲಿ ನಿಂತಿದ್ದವು. ರೆಡಿ ಇದ್ದ ಫ್ರೇಮಿಗೆ ಹೊಂದಲೆಂದು ಮೂರು ಬೆರಳಗಲ ಮುಚ್ಚಿದ್ದವನು ನಾನು.

"ಕಟ್ಟು ಹಾಕೋರಿಗೆ ಗೊತ್ತಿರುತ್ತೆ ಅಂತ ಸುಮ್ನಿದ್ದೆ," ಅಂದರು ಮೇಷ್ಟ್ರು. ಇದನ್ನು ಓದುತ್ತಿರುವ ನೀವು ಕಟ್ಟು ಹಾಕಿಸುವಾಗ ಹಾಗೆ ಸುಮ್ಮನಿರಬೇಡಿ, ಮೌಂಟ್ ಕೂರಿಸುವಾಗ ಪಕ್ಕದಲ್ಲೇ ನಿಲ್ಲಿ.

ಅವತ್ತು ವಿಮರ್ಶಕರಿಗೂ ನಾನು ಬುದ್ಧಿ ಹೇಳಿದೆ: "ಬರೆದಾಯ್ತಲ್ಲ ಸಾ, ಬಿಡಿ. ತಪ್ಪೊಪ್ಕೊಂಡ್ರೆ ನಾಳೆ ನಿಮ್ಮ ಮಾತಿಗೆ ಬೆಲೆ ಇರಲ್ಲ."

"ಇವರು ಬ್ರಶ್ ಬಿಟ್ಟ ಮೇಲೆ ಆ ಬೆಲೆ ಇಟ್ಕೊಂಡು ಏನ್ರೀ ಮಾಡ್ಲಿ?" ಅಂದರು ಅವರು.

ಮುಂದಿನ ವಾರದ ಪೇಪರನ್ನು ನಾಲ್ಕು ಸಲ ಓದಿದೆ, ನನ್ನ ಅಂಗಡಿಯ ಹೆಸರು ಎಲ್ಲಿ ಬಂದಿದೆಯೋ ಅಂತ. ಹೆಸರೂ ಇರಲಿಲ್ಲ, ರಟ್ಟಿನ ಸುದ್ದಿಯೂ ಇರಲಿಲ್ಲ. "ಎಮ್ಮೆಗಳ ಕಾಲು ಚಿತ್ರದಲ್ಲೇ ಇದ್ದವು, ನಾನು ಸರಿಯಾಗಿ ನೋಡಲಿಲ್ಲ" ಅಂತಷ್ಟೇ ಬರೆದಿದ್ದರು.