ಇಲ್ಲದ ಅಂಗಡಿಗಳ ದಾರಿ

ಐಸಣ್ಣನ ತಾತ ಮಂಜುಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು ಊರಿಗೆ ಮೊದಲು ತಂದವನು. ಅಪ್ಪ ಬೀದಿಮೂಲೆಯಲ್ಲಿ ಗೂಡಂಗಡಿ ಹಾಕಿ, ಕೈಯಾರೆ ಡಬ್ಬಿ ತಿರುವಿ ಐಸ್‌ಕ್ರೀಮ್ ಮಾಡಿದವನು. ಮುದುಕನಾದರೂ ಐಸಣ್ಣ ಇವತ್ತಿಗೂ ಅದೇ ಡಬ್ಬಿ ತಿರುವುತ್ತಾನೆ. ಯಾರು ದಾರಿ ಕೇಳಿದರೂ, "ದರ್ಜಿ ಅಂಗಡಿ ದಾಟಿ, ರೇಡಿಯೊ ರಿಪೇರಿಯವನ ಹತ್ರ ಬಲಕ್ಕೆ ತಿರುಗಿ" ಎನ್ನುತ್ತಾನೆ. ಆ ಅಂಗಡಿಗಳು ಮುಚ್ಚಿ ಯಾವ ಕಾಲವಾಯಿತೋ! "ಅಲ್ಲಿರೋದು ಬ್ಯಾಂಕು ಕಣಜ್ಜ" ಎಂದರೆ, "ನಿನ್ನೆ ಮೊನ್ನೆ ಬಂದ ಬ್ಯಾಂಕಿಗೆ ದಾರಿ ತೋರಿಸೋ ಯೋಗ್ಯತೆ ಎಲ್ಲಿದೆಯೋ?" ಎಂದು ಗದರುತ್ತಾನೆ. ಊರವರು ಬಿದ್ದು ಬಿದ್ದು ನಗುತ್ತಾರೆ. ಅವನ ಕಣ್ಣು ಮಬ್ಬಾಗಿ, ಈಗಿನ ಬೀದಿ ಕಾಣುವುದೇ ಇಲ್ಲವೆಂದು ಗೊತ್ತಿರುವುದು ಮಗಳಿಗೆ ಮಾತ್ರ. ಸಂಜೆ ಅವಳು ಕೈ ಹಿಡಿಯಲು ಬಂದರೆ ಕೊಡವಿಕೊಳ್ಳುತ್ತಾನೆ: "ಬಿಡಮ್ಮ, ಇವತ್ತು ಕೈ ಹಿಡಿದು ಮನೆಗೆ ಕರ್ಕೊಂಡು ಹೋಗ್ತೀಯ, ನಾಳೆ ಅಂಗಡಿ ಮುಚ್ಚಿಸಿ ಮನೇಲೇ ಕೂರಿಸ್ತೀಯ. ನೀನು ನಡಿ, ನಾನು ಬರ್ತೀನಿ."