ಗರಾಜಿನಲ್ಲಿ ಒಣಗುವ ಸೀರೆಗಳು

ಕಾಬೂಲಿನಲ್ಲಿ ಯುದ್ಧದಿಂದ ಮನೆ ಕಳೆದುಕೊಂಡವರಿಗೆ ಅಲ್ಲಿನ ಸರ್ಕಾರ ಫ್ಲ್ಯಾಟು ಕಟ್ಟಿಸಲು ಹೊರಟಿತ್ತು. ಅದಕ್ಕೆ ಸಾಲ ಕೊಡುತ್ತಿದ್ದ ಬ್ಯಾಂಕಿನ ವಾಷಿಂಗ್ಟನ್ ಆಫೀಸಿನಲ್ಲಿ ಕೂತು ಆ ಫ್ಲ್ಯಾಟುಗಳಿಗೆ ನಿಯಮ ಬರೆಯೋದು ಆಗ ನನ್ನ ಕೆಲಸ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು, ಕಟ್ಟಡದ ಅಂದ ಕೆಡುತ್ತೆ ಅಂತಲೂ ಬರೆದಿದ್ದೆ. ಕಾಬೂಲಿನಿಂದ ಮಾತುಕತೆಗೆ ಬಂದಿದ್ದ ಹಿರಿಯ ಅಧಿಕಾರಿ ಹಮೀದ್ ಸಾಹೇಬರು ಅದನ್ನೂ ತಮ್ಮ ಡೈರಿಯಲ್ಲಿ ಬರೆದುಕೊಂಡರು.

ಶನಿವಾರ ಮಧ್ಯಾಹ್ನ ಅವರನ್ನು ಊರಾಚೆ ಕ್ಲಾರ್ಕ್ಸ್‌ಬರ್ಗಿನಲ್ಲಿದ್ದ ನಮ್ಮ ಮನೆಗೆ ಊಟಕ್ಕೆ ಕರೆತಂದೆ. ಅಮೆರಿಕದಲ್ಲಿರೋ ನಮ್ಮವರೆಲ್ಲ ಮಾಡೋ ಹಾಗೆ ಮುಂಬಾಗಿಲು ಬಿಟ್ಟು ಗರಾಜಿನಿಂದಲೇ ಒಳಗೆ ನುಗ್ಗಿಸಿದೆ. ಡ್ರೈಯರಿಗೆ ಹಾಕಿದರೆ ಹಾಳಾಗುತ್ತವೆ ಅಂತ ನನ್ನ ಹೆಂಡತಿ ಅಲ್ಲೇ ಹಗ್ಗ ಕಟ್ಟಿ ಸೀರೆ ಒಣಹಾಕಿದ್ದಳು. ಒಂದು ಒದ್ದೆ ಸೆರಗು ಸಾಹೇಬರ ಮುಖಕ್ಕೇ ಬಡಿಯಿತು.

"ಹೊರಗೆ ಇಷ್ಟು ಬಿಸಿಲಿದೆಯಲ್ಲ?" ಅಂದರು.

"ಹೊರಗೆ ಹಾಕೋ ಹಾಗಿಲ್ಲ. ಈ ಬಡಾವಣೆಯವರೆಲ್ಲ ಸೇರಿ ಮಾಡ್ಕೊಂಡಿರೋ ಅಸೋಸಿಯೇಷನ್ ರೂಲು."

ಅವರು ಸೆರಗು ಸರಿಸಿ ನಕ್ಕರು. "ಹಾಗಾದ್ರೆ ನಮ್ಮಲ್ಲೂ ನಿಮ್ಮ ರೂಲು ಇರಲಿ ಬಿಡಿ. ಫ್ಲ್ಯಾಟಿಗೊಂದು ಗರಾಜ್ ಮಾತ್ರ ಕಟ್ಟಿಸಿಕೊಡಿ."

ಸೋಮವಾರ ಆಫೀಸಿಗೆ ಹೋದವನೇ ಆ ನಿಯಮ ಹೊಡೆದುಹಾಕಿದೆ. ಸಂಜೆ ಸುದ್ದಿ ಹೇಳಿದರೆ, ಗರಾಜಿನಲ್ಲಿ ಸೀರೆ ಮಡಚುತ್ತಿದ್ದ ಹೆಂಡತಿ ತಿರುಗಿಯೂ ನೋಡದೆ, "ಕಾಬೂಲಲ್ಲಿ ನಮಗೂ ಒಂದು ಫ್ಲ್ಯಾಟ್ ಸಿಗುತ್ತಾ, ಅಪ್ಲೈ ಮಾಡಿ ನೋಡ್ರೀ," ಅಂದಳು.